ನವೋದಯ ಹತ್ತಲಿಲ್ಲ, ಮುಂದೇನು?

ನಮ್ಮ ಕಡೆಯ ಮಸೂತಿ ಗ್ರಾಮದಿಂದ ಆಲಮಟ್ಟಿ ದೂರವೇನಲ್ಲ. ವಿಜಯಪುರ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಅಲ್ಲೇ. ಆದರೆ ಐದನೆಯ ತರಗತಿಯ ಮಗು ಆರನೆಯ ತರಗತಿಗೆ ಆ ಗೇಟು ದಾಟಬೇಕೆಂದರೆ ಪರೀಕ್ಷೆ ಬರೆಯಲು ಸಿಗುವುದು ಒಂದೇ ಸಲ. ಎರಡು ತಾಸು, 80 ಪ್ರಶ್ನೆ, 100 ಅಂಕ. ಇಡೀ ಜಿಲ್ಲೆಗೆ ಇರುವ ಸೀಟು 80. ಫಲಿತಾಂಶ ಬಂದ ಮೇಲೆ ಕಟ್ಟೆಯ ಮೇಲೆ ಕೇಳುವ ಮಾತೂ ಒಂದೇ: ‘ನವೋದಯ ಹತ್ತಿತೇನು?’ ಹತ್ತಿದವ ಶಾಣ್ಯಾ. ಹತ್ತದವನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ, ಅವನಿಗೆ ಗೊತ್ತಾಗಿಬಿಡುತ್ತದೆ.

ನವೋದಯದ ಬಗ್ಗೆ ನನಗೆ ತಕರಾರಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ನೆಲೆಯೂರಿದ ಈ ಶಾಲೆಗಳಲ್ಲಿ ಕನಿಷ್ಠ ಮುಕ್ಕಾಲು ಭಾಗ ಸೀಟು ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಒಕ್ಕಲುತನದ ಮನೆಯ ಎಷ್ಟೋ ಮಕ್ಕಳಿಗೆ ಅದು ದಾರಿ ತೆರೆದಿದೆ. ತಕರಾರಿರುವುದು ಆ ಪರೀಕ್ಷೆಯ ಸುತ್ತ ನಾವು ಕಟ್ಟಿಕೊಂಡ ಜಾತ್ರೆಯ ಬಗ್ಗೆ. ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ ಎಂದು ವಸತಿ ಶಾಲೆಗಳ ಹೆಸರಿನ ಬೋರ್ಡು ಹಾಕಿಕೊಂಡ ಕೋಚಿಂಗ್ ಕ್ಲಾಸುಗಳು ವಿಜಯಪುರದ ಗಲ್ಲಿಗಲ್ಲಿಯಲ್ಲಿವೆ. ಒಂಬತ್ತು–ಹತ್ತು ವರ್ಷದ ಕೂಸನ್ನು ಊರು ಬಿಡಿಸಿ ಅಲ್ಲಿಯ ರೂಮಿನಲ್ಲಿ ಇಡುತ್ತೇವೆ. ಒಂದೇ ನಮೂನೆಯ ಆಕೃತಿಗಳಲ್ಲಿ ಬೇರೆಯದನ್ನು ಗುರುತಿಸುವುದನ್ನು ಅದು ದಿನವಿಡೀ ತಾಲೀಮು ಮಾಡುತ್ತದೆ. ಹೀಗೆ ತಯಾರಾದ ಮಗು ಪಾಸಾದರೆ ಗೆದ್ದದ್ದು ಬುದ್ಧಿಯೋ ತಾಲೀಮೋ ಹೇಳುವುದು ಕಷ್ಟ.

ಪರೀಕ್ಷೆಯ ಜರಡಿಯಿಂದ ಯಾರು ಜಾರಿಹೋಗುತ್ತಾರೆ ಎಂಬುದಕ್ಕೆ ಅಮೆರಿಕದ್ದೊಂದು ಹಳೆಯ ಕಥೆಯಿದೆ. ಲೂಯಿಸ್ ಟರ್ಮನ್ ಎಂಬ ಮನೋವಿಜ್ಞಾನಿ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳನ್ನು ಜಾಲಾಡಿ, ಬುದ್ಧಿಮತ್ತೆಯ ಪರೀಕ್ಷೆಯಿಂದ ಒಂದೂವರೆ ಸಾವಿರ ‘ಪ್ರತಿಭಾವಂತ’ ಮಕ್ಕಳನ್ನು ಆರಿಸಿದ. ಅವರನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಲಾಯಿತು. ಅವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆ ಹೊರಗುಳಿದ ಹುಡುಗರಲ್ಲಿ ಇಬ್ಬರಿಗೆ ಬಂತು: ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್. ಎರಡೂ ಭೌತವಿಜ್ಞಾನದಲ್ಲೇ.

ಹಾಗಾದರೆ ಚುರುಕು ಮಗುವನ್ನು ಗುರುತಿಸುವುದು ಹೇಗೆ? ನಮ್ಮ ಕಡೆ ಅದು ಬಹಳ ಸಲ ‘ಉಡಾಳ’ ಎಂಬ ಹೆಸರಿನಲ್ಲಿ ಓಡಾಡಿಕೊಂಡಿರುತ್ತದೆ. ಲೆಕ್ಕ ಬೇಗ ಮುಗಿಸಿ ಪಕ್ಕದವನನ್ನು ಚಿವುಟುತ್ತದೆ. ಮಾಸ್ತರು ಹೇಳಿದ್ದಕ್ಕೆ ಯಾಕೆ ಎನ್ನುತ್ತದೆ, ಉತ್ತರ ಸಿಕ್ಕ ಮೇಲೂ ಯಾಕೆ ಎನ್ನುತ್ತದೆ. ‘ಭಾಳ ಬಾಯಿ’ ಎಂದು ಅದನ್ನು ಹಿಂದಿನ ಬೆಂಚಿಗೆ ಕಳಿಸುವುದು ಸುಲಭ.

ಆ ಯಾಕೆಗಳಿಗೆ ಮಸೂತಿಯ ಸುತ್ತಮುತ್ತ ಕೊರತೆಯಿಲ್ಲ. ಇಲ್ಲಿಯವರಿಗೆ ಜಾಕ್‌ವೆಲ್ (ನೀರೆತ್ತುವ ಪಂಪಿನ ಬಾವಿ) ದಿನಬಳಕೆಯ ಮಾತು. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಜಿಲ್ಲೆಯ ಬಹುಪಾಲು ಹೊಲ ಅದಕ್ಕಿಂತ ಎತ್ತರದಲ್ಲಿದೆ. ಅದಕ್ಕೇ ಮುಳವಾಡ ಏತ ನೀರಾವರಿ. ಕೃಷ್ಣೆಯ ನೀರನ್ನು ಏರು ಹತ್ತಿಸಿ ಕಾಲುವೆಗೆ ಬಿಡಬೇಕು. ನೀರು ಏರು ಹತ್ತುವುದು ಹೇಗೆ ಎಂದು ಮಗು ಕೇಳಿದರೆ ಅಪ್ಪ ‘ಮೋಟರ್ ಎತ್ತತೈತಿ’ ಅಂತಾನೆ. ತಪ್ಪೇನಿಲ್ಲ. ಆದರೆ ಅವನಿಗೆ ಇನ್ನೂ ಒಂದು ವಿಷಯ ಗೊತ್ತು: ಬಾವಿಯ ನೀರು ಕೆಳಗಿಳಿದರೆ ಮೇಲಿನ ಪಂಪು ಎಷ್ಟು ದೊಡ್ಡದಿದ್ದರೂ ಬರೀ ಗಾಳಿ ಎಳೆಯುತ್ತದೆ, ಪಂಪನ್ನೇ ಕೆಳಗಿಳಿಸಬೇಕು. ಯಾಕೆ ಎನ್ನುವುದು ಇಟಲಿಯ ಗೆಲಿಲಿಯೋನನ್ನೂ ಕಾಡಿತ್ತು. ಹೀರುವ ಪಂಪು ನೀರನ್ನು ಸುಮಾರು 10 ಮೀಟರಿನಾಚೆ ಎತ್ತಲಾರದು. ಆ ಕಗ್ಗಂಟು ಬಿಡಿಸಲು ಹೊರಟ ಅವನ ಶಿಷ್ಯ ತೊರಿಚೆಲ್ಲಿ 1643ರ ಸುಮಾರಿಗೆ ಪಾದರಸದ ನಳಿಗೆಯಲ್ಲಿ ಗಾಳಿಯ ಒತ್ತಡವನ್ನು ಕಂಡ. ಪಂಪು ಎಳೆಯುತ್ತದೆ ಎಂದು ನಾವು ಅಂದುಕೊಳ್ಳುವುದು, ನಿಜದಲ್ಲಿ ಹೊರಗಿನ ಗಾಳಿ ನೀರನ್ನು ಒತ್ತಿ ಏರಿಸುವುದು. ಅದರ ಬಲ ಅಷ್ಟಕ್ಕೇ ಮುಗಿಯುತ್ತದೆ. ಕೆಳಗಿನಿಂದ ದೂಡುವುದಕ್ಕೆ ಆ ಮಿತಿಯಿಲ್ಲ. ಅಪ್ಪನ ಅನುಭವಕ್ಕೆ ಮಾಸ್ತರರು ಇಷ್ಟು ಸೇರಿಸಿದರೆ ಏಳನೆಯ ತರಗತಿಯ ಹುಡುಗಿ ಒಂದು ವಾರ ಅದನ್ನೇ ಮೆಲುಕು ಹಾಕುತ್ತಾಳೆ. ಪಕ್ಕದ ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ಕರೆಂಟು ಇಲ್ಲೇ ಹುಟ್ಟಿದರೂ ನಮ್ಮ ಮನೆಯ ಲೈಟು ಯಾಕೆ ಹೋಗುತ್ತದೆ ಎಂದು ಅವಳೇ ಮುಂದೆ ಕೇಳಬಹುದು. ಅದಕ್ಕೆ ವಿಜ್ಞಾನದ ಮಾಸ್ತರರೊಬ್ಬರೇ ಸಾಲುವುದಿಲ್ಲ!

‘ನಾವೇನ ಓದಿಲ್ರಿ, ಮನ್ಯಾಗ ಏನ ಹೇಳಿಕೊಡೂನು’ ಎನ್ನುವ ತಾಯಿ-ತಂದೆಯರು ಹಲಸಂಗಿಯ ಕಥೆ ಕೇಳಬೇಕು. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿದ ಊರು ಅದು. ಅಲ್ಲಿಯ ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಕವಿ ಮಧುರಚೆನ್ನರ ಶಾಲೆ ಮುಲ್ಕಿ ಪರೀಕ್ಷೆಗೇ ಮುಗಿಯಿತು. ಇಂಗ್ಲಿಷನ್ನು ತಾವೇ ಓದಿ ಕಲಿತರು, ಶ್ರೀ ಅರವಿಂದರ ವಿಚಾರಗಳವರೆಗೆ ಹೋದರು. ಅವರಿಗೆ ಯಾವ ಪ್ರತಿಭಾ ಶಾಲೆಯೂ ಇರಲಿಲ್ಲ, ಗೆಳೆಯರಿದ್ದರು. ಚಡಚಣದ ಸಿಂಪಿ ಲಿಂಗಣ್ಣ ಕನ್ನಡ ಶಾಲೆಯ ಮಾಸ್ತರರು. ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಜೊತೆಗಾರರು. ಓದಿದ್ದನ್ನು ಹಂಚಿಕೊಂಡರು, ಬರೆದದ್ದನ್ನು ಪರಸ್ಪರ ತೋರಿಸಿದರು. ಇವರು ಕೂಡಿಹಾಕಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅದರಲ್ಲಿರುವುದು ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳು. ಅಕ್ಷರ ಬಾರದ ಆ ತಾಯಂದಿರ ನಾಲಿಗೆಯ ಮೇಲೆ ಇದ್ದದ್ದೇ ಆ ಹುಡುಗರ ಗ್ರಂಥಾಲಯ. ಸಿಂಪಿಯವರು ಮುಂದೆ ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಚುರುಕು ಮಗುವಿಗೆ ಬೇಕಾದದ್ದು ಮೊದಲು ಈ ಜೊತೆ ಎಂಬುದು ನನ್ನ ನಂಬಿಕೆ. ತನ್ನಷ್ಟೇ ವೇಗದಲ್ಲಿ ಯೋಚಿಸುವ ಒಬ್ಬಿಬ್ಬರು ಗೆಳೆಯರು, ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಎನ್ನುವ ಒಬ್ಬ ಹಿರಿಯರು. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳುತ್ತದೆ. ಪಿಯಾನೊ, ಈಜು, ಗಣಿತದಂಥ ಕ್ಷೇತ್ರಗಳಲ್ಲಿ ಹೆಸರು ಮಾಡಿದ 120 ಜನರ ಬಾಲ್ಯವನ್ನು ಅವರ ತಂಡ ಕೆದಕಿತು. ಬಹುತೇಕರ ಮೊದಲ ಗುರುಗಳು ದೊಡ್ಡ ಪಂಡಿತರೇನಲ್ಲ, ಓಣಿಯವರೇ. ಕಲಿಕೆ ಖುಷಿ ಎನಿಸುವಂತೆ ನೋಡಿಕೊಂಡಿದ್ದರು, ಅಷ್ಟೇ.

ಮನೆಯಲ್ಲಿ ಮಾಡಬಾರದ್ದೂ ಒಂದಿದೆ, ಅದು ಬುದ್ಧಿಯ ಹೊಗಳಿಕೆ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ‘ನೀನು ಬುದ್ಧಿವಂತ’ ಎನಿಸಿಕೊಂಡ ಐದನೆಯ ತರಗತಿಯ ಮಕ್ಕಳು ಆಮೇಲೆ ಸುಲಭದ ಲೆಕ್ಕವನ್ನೇ ಆರಿಸಿಕೊಳ್ಳತೊಡಗಿದರು. ತಪ್ಪಿದರೆ ಬುದ್ಧಿವಂತಿಕೆಯೇ ಹೋಯಿತಲ್ಲ ಎಂಬ ಅಂಜಿಕೆ. ಬೀಗರ ಮುಂದೆ ನಿಲ್ಲಿಸಿ 19ರ ಮಗ್ಗಿ ಹೇಳಿಸುವವರು ಇದನ್ನು ಯೋಚಿಸಬೇಕು.

ಶಾಲೆಯಲ್ಲಿ ದಾರಿ ಇಲ್ಲವೆಂದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ವೇಗದವರಿಗೆ ಕಾಯುವ ಶಿಕ್ಷೆಯಿಲ್ಲ, ನಿಧಾನದವರಿಗೆ ಅವಮಾನವಿಲ್ಲ. ವಿಚಿತ್ರವೆಂದರೆ ಮೂರನೆಯ ತರಗತಿಗೆ ಆ ಏಣಿ ಮುಗಿಯುತ್ತದೆ. ನಾಲ್ಕರಿಂದ ಎಲ್ಲರೂ ಒಂದೇ ಪುಟ. ಚುರುಕು ಮಗು ಬೇಸತ್ತು ಕಿಟಕಿಯ ಕಡೆ ನೋಡಲು ಶುರುಮಾಡುವುದೂ ಅಲ್ಲಿಂದಲೇ.

ನವೋದಯ ಹತ್ತದವರಿಗೆ ಎಂಟನೆಯ ತರಗತಿಯಲ್ಲಿ ಇನ್ನೊಂದು ಬಾಗಿಲಿದೆ: ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯೊಳಗಿನ ಆದಾಯದ ಮನೆಯ ಮಕ್ಕಳು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ವಸತಿ ಶಾಲೆಗೆ ಸೇರಿದವರಿಗೆ ಇದು ಸಿಗುವುದಿಲ್ಲ, ಹಾಗಾಗಿ ಊರಲ್ಲೇ ಉಳಿದವರದೇ ಹಕ್ಕು. ಕಬ್ಬು ಕಡಿಯಲು ಗುಳೆ ಹೋಗುವ ಮನೆಯ ಹುಡುಗಿಗೆ ಈ ಹಣ ಹೈಸ್ಕೂಲು ಬಿಡದಿರಲು ಸಾಕಷ್ಟು ದೊಡ್ಡ ಕಾರಣ. ಅರ್ಜಿಯ ಕೊನೆಯ ದಿನ ಮನೆಗೆ ತಿಳಿದಿರಬೇಕು, ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು.

ಸಂಜೆ ಕೂಡುವ ಜಾಗವೂ ಇದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು, ಮಕ್ಕಳ ಸದಸ್ಯತ್ವಕ್ಕೆ ದುಡ್ಡು ಕೊಡಬೇಕಿಲ್ಲ. ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳನ್ನು ಅಲ್ಲಿ ಕೂರಿಸಿ, ವಾರಕ್ಕೊಂದು ಪ್ರಶ್ನೆ ಕೊಟ್ಟು, ಉತ್ತರ ಹೇಳದೆ ಸುಮ್ಮನಿರಬಲ್ಲ ಒಬ್ಬರು ಬೇಕು. ನಿವೃತ್ತ ಮಾಸ್ತರರು ಆಗಬಹುದು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಸೊಸೆಯೂ ಆಗಬಹುದು.