ಅಟ್ಟದ ಕಾಮಿಕ್ಸ್‌ಗೂ ಹರಾಜಿನ ಯೋಗ!

ಹಬ್ಬ ಹತ್ತಿರ ಬಂತೆಂದರೆ ಅಟ್ಟ ಹತ್ತಿ, ಧೂಳು ಝಾಡಿಸಿ, ಬೇಡದ್ದನ್ನೆಲ್ಲ ರದ್ದಿಯವನ ತಕ್ಕಡಿಗೆ ಹಾಕುವ ಹುಮ್ಮಸ್ಸು ನಮಗೆಲ್ಲ ಬರುತ್ತದೆ, ಅಲ್ಲವೇ? ಆಗ ಮಕ್ಕಳೋ ಮೈದುನಂದಿರೋ ಓದಿ ಬಿಟ್ಟ ಹಳೆಯ ಕಾಮಿಕ್ಸ್ ಕಟ್ಟೇನಾದರೂ ಸಿಕ್ಕಿದರೆ ಒಂದು ಗಳಿಗೆ ತಡೆಯಿರಿ. ರದ್ದಿಯವನಿಗೆ ಅದು ಬರೀ ಕಾಗದದ ತೂಕ. ಆದರೆ ಚಿಕ್ಕಂದಿನಲ್ಲಿ ಓದಿದ ಅದೇ ಪುಸ್ತಕಕ್ಕಾಗಿ ಈಗ ಹುಡುಕಾಡುವವರೂ ಇದ್ದಾರೆ. ಅಂಥವರಿಗೆ ಮನೆಯಲ್ಲೇ ಕೂತು, ಮೊಬೈಲಿನ ಮೂಲಕ ಹರಾಜು ಹಾಕಬಹುದು.

"ಹರಾಜೇ? ಅದೆಲ್ಲ ನಮ್ಮಂಥವರಿಗಲ್ಲಪ್ಪ" ಅನ್ನಬೇಡಿ. ದೇವಸ್ಥಾನದ ಉತ್ಸವದಲ್ಲಿ ಬಾಳೆಗೊನೆ, ತೆಂಗಿನಕಾಯಿ ಸವಾಲು ಹಾಕುವುದನ್ನು ನೀವು ನೋಡಿಲ್ಲವೇ? ಇದೂ ಅದೇ. ಅಲ್ಲಿ ಬಾಯಲ್ಲಿ ಕೂಗುತ್ತಾರೆ, ಇಲ್ಲಿ ಬರೆದು ಕೂಗುತ್ತಾರೆ, ಅಷ್ಟೆ.

ಯಾವುದಕ್ಕೆ ಬೆಲೆ?

ಅಮೆರಿಕದಲ್ಲಿ 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ, 2014ರಲ್ಲಿ ಈಬೇ ತಾಣದ ಹರಾಜಿನಲ್ಲಿ 32 ಲಕ್ಷ ಡಾಲರಿಗೆ ಹೋಯಿತು! ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ. ಹಾಗಂತ ನಮ್ಮ ಅಟ್ಟದಲ್ಲೂ ನಿಧಿ ಇದೆ ಎಂದು ಕನಸು ಕಾಣಬೇಡಿ. ಅದರ ಪ್ರತಿಗಳು ಉಳಿದಿರುವುದೇ ಬಹಳ ಕಡಿಮೆ. ಅದರಲ್ಲೂ ಈ ಪ್ರತಿ ಹೊಸದರಂತಿತ್ತು. ಗುಟ್ಟು ಇಷ್ಟೇ: ಪುಸ್ತಕ ಅಪರೂಪವಾಗಿರಬೇಕು, ಚೆನ್ನಾಗಿರಬೇಕು. ಬರೀ ಹಳೆಯದಾದರೆ ಸಾಲದು.

ನಮ್ಮಲ್ಲಿನ ಉದಾಹರಣೆ ನೋಡಿ. ಫ್ಯಾಂಟಮ್, ಮಾಂಡ್ರೇಕ್ ಕಥೆಗಳ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತೇಹೋಯಿತು. ಆದ್ದರಿಂದ ಅದನ್ನು ಕೇಳುವವರು ಹೆಚ್ಚು. ಅನಂತ ಪೈ ಅವರ ಅಮರ ಚಿತ್ರ ಕಥೆಗಳಾದರೋ ಮರುಮುದ್ರಣವಾಗಿ ಅಂಗಡಿಯಲ್ಲಿ ಇಂದಿಗೂ ಸಿಗುತ್ತವೆ. ಹಾಗಾಗಿ ಅವುಗಳಲ್ಲಿ ಹಳೆಯ ಮುದ್ರಣಕ್ಕೆ ಮಾತ್ರ ವಿಶೇಷ ಬೆಲೆ. ಒಳಪುಟದಲ್ಲಿ ಮುದ್ರಣದ ವರ್ಷ, ರಟ್ಟಿನ ಮೇಲೆ ಬೆಲೆ ಇದೆಯೇ ನೋಡಿ ಗುರುತು ಹಾಕಿಕೊಳ್ಳಿ.

ಮೊದಲು ಒಡೆಯರನ್ನು ಕೇಳಿ

ಇದು ಬಹಳ ಮುಖ್ಯ. ಪುಸ್ತಕ ನಮ್ಮ ಅಟ್ಟದಲ್ಲಿದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅದು ಮಗನದ್ದೋ, ತಮ್ಮನದ್ದೋ, ಅವರ ಬಾಲ್ಯ ಅದರಲ್ಲಿದೆ. ನಮ್ಮ ಯಜಮಾನರು "ಎಲ್ಲಾ ಮಾರಿಬಿಡು, ನನಗ್ಯಾಕೆ?" ಅಂದವರು, ಕಟ್ಟು ಬಿಚ್ಚಿದ ಮೇಲೆ ನಾಲ್ಕನ್ನು ಎತ್ತಿಟ್ಟುಕೊಂಡು ಓದುತ್ತಾ ಕೂತುಬಿಟ್ಟರು! ನೂರು ರೂಪಾಯಿ ಲಾಭಕ್ಕೆ ಒಬ್ಬರ ಮನಸ್ಸು ನೋಯಿಸುವುದು ಬೇಡ. ಹಣ ಬಂದರೆ ಯಾರಿಗೆಷ್ಟು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಹರಾಜಿನ ಕ್ರಮ

ಈಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ನಮ್ಮವರ ಹರಾಜು ಹೆಚ್ಚಾಗಿ ನಡೆಯುವುದು ಫೇಸ್‌ಬುಕ್, ವಾಟ್ಸಾಪಿನ ಸಂಗ್ರಾಹಕರ ಗುಂಪುಗಳಲ್ಲಿ. ಸೇರಿದ ಕೂಡಲೇ ಮಾರಲು ಹೊರಡಬೇಡಿ. ಒಂದೆರಡು ವಾರ ಸುಮ್ಮನೆ ನೋಡಿ. ಜನ ಕೇಳುವ ಬೆಲೆ ಬೇರೆ, ಕೊನೆಗೆ ಮಾರಾಟವಾದ ಬೆಲೆ ಬೇರೆ. ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಕಿಟಕಿಯ ಬೆಳಕಿನಲ್ಲಿ ಮುಂದಿನ ರಟ್ಟು, ಹಿಂದಿನ ರಟ್ಟು, ನಡುವಿನ ಪಿನ್ನು, ಎಲ್ಲದರ ಚಿತ್ರ ತೆಗೆಯಿರಿ. ಹರಿದ ಪುಟ, ನುಸಿ ತಿಂದ ಅಂಚು, ಪೆನ್ನಿನಲ್ಲಿ ಬರೆದ ಹೆಸರು, ಬಾಡಿಗೆ ಲೈಬ್ರರಿಯ ಮುದ್ರೆ ಇದ್ದರೆ ಮರೆಮಾಚದೆ ಬರೆಯಿರಿ. ಪುಟಗಳನ್ನು ಎಣಿಸಿ. ಗಮ್ ಟೇಪು ಹಚ್ಚಿ 'ರಿಪೇರಿ' ಮಾಡಬೇಡಿ, ಬೆಲೆ ಇನ್ನಷ್ಟು ಇಳಿಯುತ್ತದೆ. ಹತ್ತಾರು ಸೇರಿಸಿ ಬೈಂಡ್ ಮಾಡಿಸಿದ್ದರೆ ಹಾಗೇ ಮಾರಿ, ಬಿಚ್ಚಲು ಹೋಗಿ ಹರಿಯಬೇಡಿ.

ಆರಂಭದ ಬೆಲೆ, ಪ್ರತಿ ಕೂಗಿಗೆ ಕನಿಷ್ಠ ಎಷ್ಟು ಏರಿಸಬೇಕು, ಮುಗಿಯುವ ದಿನ ಮತ್ತು ಗಂಟೆ, ಅಂಚೆ ವೆಚ್ಚ ಯಾರದು – ನಾಲ್ಕನ್ನೂ ಸ್ಪಷ್ಟವಾಗಿ ತಿಳಿಸಿ. ಕೊನೆಯ ಐದು ನಿಮಿಷದಲ್ಲೇ ಕೂಗು ಜೋರಾಗುವುದುಂಟು. ಆದ್ದರಿಂದ ಎಲ್ಲರೂ ಊಟ ಮುಗಿಸಿ ಬಿಡುವಾಗಿರುವ ರಾತ್ರಿ ಹೊತ್ತೇ ಒಳ್ಳೆಯದು. ಆರಂಭದ ಬೆಲೆಗಿಂತ ಒಂದು ರೂಪಾಯಿ ಹೆಚ್ಚದಿದ್ದರೂ, ಕೂಗಿದವರಿಗೆ ಕೊಡಲೇಬೇಕು. ಮಾತು ಮಾತೇ.

ಮೋಸಕ್ಕೆ ಬಲಿಯಾಗದಿರಿ

ಹಣ ಬ್ಯಾಂಕಿಗೆ ಬಂದ ಮೇಲಷ್ಟೇ ಪುಸ್ತಕ ಕಳಿಸಿ. ಹಣ ಕಳಿಸಿದ್ದೇನೆಂದು ತೋರಿಸುವ ಚಿತ್ರವನ್ನು ನಂಬದೆ ನಿಮ್ಮ ಖಾತೆಯನ್ನೇ ನೋಡಿ. ಇನ್ನೊಂದು ಮಾತು ಸೆರಗಿಗೆ ಗಂಟು ಹಾಕಿಕೊಳ್ಳಿ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಸಂಖ್ಯೆ ಒತ್ತಬೇಕಾಗಿಲ್ಲ. "ಪಿನ್ ಹಾಕಿ, ದುಡ್ಡು ಬರುತ್ತೆ" ಅಂದವನು ಕಳ್ಳನೇ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಎರಡೂ ಕಡೆ ದಪ್ಪ ರಟ್ಟು ಕೊಟ್ಟು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಮಳೆಗಾಲದಲ್ಲಂತೂ ಪ್ಲಾಸ್ಟಿಕ್ ಮರೆಯಲೇಬೇಡಿ.

ಇದರಿಂದ ಸಂಸಾರ ಸಾಗೀತು ಅಂತ ನಾನು ಹೇಳುತ್ತಿಲ್ಲ. ಅಟ್ಟ ಖಾಲಿಯಾದ ದಿನ ವ್ಯಾಪಾರವೂ ಮುಗಿಯಿತು. ಆದರೆ ಹುಳ ತಿನ್ನಬೇಕಾಗಿದ್ದ ಪುಸ್ತಕ ಅದನ್ನು ಪ್ರೀತಿಸುವವರ ಕೈ ಸೇರುತ್ತದೆ, ನಾಲ್ಕು ಕಾಸು ಮನೆಗೂ ಆಗುತ್ತದೆ. ಕಸದಿಂದ ರಸ ಅನ್ನುವುದು ಇದಕ್ಕೇ ಅಲ್ಲವೇ?