ಹವೆಯೂ ಕಿಡಿಯೂ

ನಮ್ಮ ರಾಯಚೂರಿನ ಕಡೆ ಹವೆ ಒಣಗಿದ ದಿನಗಳಲ್ಲಿ ನೈಲಾನ್ ಬಟ್ಟೆ ತೊಟ್ಟವನು ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಬಾಗಿಲ ಚಿಲಕ ಮುಟ್ಟಿದರೆ ‘ಚಟ್’ ಎಂದು ಕಿಡಿ ಹಾರುವುದುಂಟು. ಮಂಗಳೂರಿನ ಆಷಾಢದ ಮಳೆಯಲ್ಲಿ ಅದೇ ಬಟ್ಟೆ, ಅದೇ ಕುರ್ಚಿಯಿದ್ದರೂ ಕಿಡಿ ಕಾಣುವುದು ಅಪರೂಪ. ಈ ಸಣ್ಣ ಸಂಗತಿಯೇ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷಾಲಯದಲ್ಲಿ ದೊಡ್ಡ ಪ್ರಶ್ನೆಯಾಗುತ್ತದೆ. ನಾನು ಬಿ.ಎ. ವಿದ್ಯಾರ್ಥಿ, ವಿಜ್ಞಾನದ ಗೆಳೆಯರು ನನ್ನ ಅಧಿಕಪ್ರಸಂಗವನ್ನು ಮನ್ನಿಸಬೇಕು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮ್ಮಣ್ಣ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುತ್ತಾನೆ. ಆ ಪಟ್ಟಿ ಏತಕ್ಕೆಂದು ಕೇಳಿದ್ದೇ ಈ ಲೇಖನಕ್ಕೆ ಮೂಲ.

ಉಪಕರಣವೊಂದು ಸುತ್ತಲಿನ ವಿದ್ಯುತ್ತಿನ ಉಪದ್ರವವನ್ನು ತಾಳಿಕೊಳ್ಳಬೇಕು, ತಾನೂ ಇತರ ಉಪಕರಣಗಳಿಗೆ ಉಪದ್ರವವಾಗಬಾರದು. ಈ ಗುಣವನ್ನು ವಿದ್ಯುತ್ಕಾಂತೀಯ ಹೊಂದಾಣಿಕೆ ಎನ್ನುವರು. ಇದರ ಪರೀಕ್ಷೆಗಳು ಹಲವು. ಹವೆಯ ಕೈವಾಡ ಎದ್ದು ಕಾಣುವುದು ಕಿಡಿಯ ಪರೀಕ್ಷೆಯಲ್ಲಿ. ಆದುದರಿಂದ ಅದೊಂದನ್ನೇ ಇಲ್ಲಿ ಹೇಳುತ್ತೇನೆ.

ಎರಡು ವಸ್ತುಗಳು ತಾಗಿ ಬೇರೆಯಾದಾಗ ಅವುಗಳ ಮೇಲೆ ವಿದ್ಯುದಂಶ ಉಳಿಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ವಸ್ತುವಿನ ಮೈಮೇಲೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂಡುತ್ತದೆ. ವಿದ್ಯುತ್ತು ಅದರಲ್ಲಿ ಸೋರಿಹೋಗುತ್ತದೆ. ಒಣ ಹವೆಯಲ್ಲಿ ಸೋರಲು ದಾರಿಯೆಲ್ಲಿ? ಜಮಖಾನೆಯ ಮೇಲೆ ನಡೆದವನ ಮೈಯಲ್ಲಿ ತೇವದ ಹವೆಯಲ್ಲಿ 1,500 ವೋಲ್ಟ್ ಸೇರಿದರೆ, ತೀರ ಒಣ ಹವೆಯಲ್ಲಿ 35,000 ವೋಲ್ಟಿನವರೆಗೂ ಏರಬಹುದೆಂದು ಈ ಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಕಿಡಿ ತಗುಲಿದ್ದು ನಮ್ಮ ಅರಿವಿಗೆ ಬರುವುದು ಸುಮಾರು 3,000 ವೋಲ್ಟಿಗೆ. ಕೆಲವು ಸೂಕ್ಷ್ಮ ಚಿಪ್‌ಗಳಾದರೋ 100 ವೋಲ್ಟಿಗೇ ಕೆಡುತ್ತವೆ. ಕೈಗೇ ತಿಳಿಯದಂತೆ ಕೈ ಕೆಡುಕು ಮಾಡಬಲ್ಲದು! ಅಣ್ಣನ ಪಟ್ಟಿ ಮೈಯ ವಿದ್ಯುತ್ತನ್ನು ಭೂಮಿಗೆ ಇಳಿಸುತ್ತದೆ.

ಪರೀಕ್ಷೆಗೆ ಐ.ಇ.ಸಿ. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 61000-4-2 ಎಂಬ ನಿಯಮಾವಳಿಯಿದೆ. ಪಿಸ್ತೂಲಿನಂಥ ಸಾಧನದೊಳಗೆ ಮನುಷ್ಯನ ಮೈಗೆ ಪ್ರತಿಯಾಗಿ 150 ಪಿಕೋಫ್ಯಾರಡ್ ಧಾರಕವನ್ನೂ 330 ಓಮ್ ರೋಧಕವನ್ನೂ ಇಟ್ಟಿರುತ್ತಾರೆ. ಅದರ ಮೊನೆಯನ್ನು ಲೋಹದ ಭಾಗಕ್ಕೆ ಮೊದಲೇ ತಾಗಿಸಿ ಬಳಿಕ 8,000 ವೋಲ್ಟ್ ಬಿಟ್ಟರೆ, ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಪ್ರವಾಹವು 30 ಆಂಪಿಯರಿಗೆ ನೆಗೆಯುತ್ತದೆ. ಮೊನೆಗೂ ಲೋಹಕ್ಕೂ ನಡುವೆ ಗಾಳಿಯಿಲ್ಲದ ಕಾರಣ ಹವೆಯ ಆಟ ಇಲ್ಲಿ ಅಷ್ಟಾಗಿ ನಡೆಯದು.

ಪ್ಲಾಸ್ಟಿಕ್ ಹೊದಿಕೆಗೆ ಮಾತ್ರ ಈ ಉಪಾಯ ಸಾಲದು. ಅಲ್ಲಿ 15,000 ವೋಲ್ಟಿನವರೆಗೆ ಏರಿಸಿ, ಮೊನೆಯನ್ನು ಹತ್ತಿರ ತಂದು, ಗಾಳಿಯಲ್ಲಿಯೇ ಕಿಡಿ ಹಾರಿಸಬೇಕು. ಒಣ ಗಾಳಿಯಲ್ಲಿ ಕಿಡಿ ಹೊತ್ತಲು ತಡವಾಗುತ್ತದೆ. ಅಷ್ಟರಲ್ಲಿ ಮೊನೆ ಇನ್ನಷ್ಟು ಸಮೀಪಿಸಿರುತ್ತದೆ. ಅಂಥ ಗಿಡ್ಡ ಕಿಡಿಯ ಪೆಟ್ಟು ಹೆಚ್ಚು ತೀವ್ರ. ತೇವದ ಗಾಳಿಯ ಉದ್ದ ಕಿಡಿ ಮೆತ್ತಗೆ. ಹೀಗೆ ಒಂದೇ ಯಂತ್ರ ಒಂದು ದಿನ ಗೆದ್ದು ಇನ್ನೊಂದು ದಿನ ಸೋಲಬಹುದು. ಈ ಗೊಂದಲ ತಪ್ಪಿಸಲೆಂದೇ ಗಾಳಿಯ ಕಿಡಿಯ ಪರೀಕ್ಷೆಗೆ ಉಷ್ಣಾಂಶ 15ರಿಂದ 35 ಡಿಗ್ರಿ, ಆರ್ದ್ರತೆ ಶೇಕಡಾ 30ರಿಂದ 60, ವಾಯುಭಾರ 86ರಿಂದ 106 ಕಿಲೋಪಾಸ್ಕಲ್ ಇರಬೇಕೆಂದು ವಿಧಿಸಿದ್ದಾರೆ. ಬೆಂಗಳೂರಿನ ವಾಯುಭಾರ ಈ ಮಿತಿಯೊಳಗಿದೆ, ಲೇಹ್‌ನದು ಇಲ್ಲ.

ಪರೀಕ್ಷಾಲಯಗಳು ಪರಸ್ಪರ ತಾಳೆ ನೋಡಲು ಈ ಮಿತಿ ಸರಿಯೇ. ಆದರೆ ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಆರ್ದ್ರತೆ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಹನಿಹನಿಯಾಗಿ ಔಷಧ ಕೊಡುವ ಆಸ್ಪತ್ರೆಯ ಯಂತ್ರ ಶೇಕಡಾ 55ರ ಹವೆಯಲ್ಲಿ ತೇರ್ಗಡೆಯಾಗಿ ಇಲ್ಲಿಗೆ ಬಂದರೆ, ಅದಕ್ಕೆ ತಗುಲುವ ಕಿಡಿ ಪರೀಕ್ಷೆಯ ಕಿಡಿಯಲ್ಲ. ಕೊಳ್ಳುವವರು ವರದಿಯಲ್ಲಿ ಆ ದಿನದ ಆರ್ದ್ರತೆ ಎಷ್ಟಿತ್ತೆಂಬ ಸಾಲನ್ನೂ ಓದಬೇಕೆಂದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲಾದರೆ ಗಾಳಿಗೆ ತೇವ ಬೆರೆಸುವ ಯಂತ್ರ ಓಡಿಸುತ್ತಾರೆ. ವಾರ್ಡಿನಲ್ಲಿ ಅದಿಲ್ಲದಿದ್ದರೆ, ದಾದಿಯರ ಬಟ್ಟೆ ನೈಲಾನಿನದಾಗಿರದೆ ಹತ್ತಿಯದಾಗಿದ್ದರೂ ಕಿಡಿ ಎಷ್ಟೋ ತಗ್ಗುತ್ತದೆ.