ನಿಮಗಿದು ಗೊತ್ತೇ? ಯಾರಿಗೂ ಬೇಡವಾಗಿದ್ದ ಬಸ್ ಕಥೆಗೆ ಐದು ಆಸ್ಕರ್!

1934ರಲ್ಲಿ ತೆರೆಕಂಡ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರಕ್ಕೆ ಸಿಕ್ಕಿದ್ದು ಐದೇ ಆಸ್ಕರ್ ನಾಮನಿರ್ದೇಶನ. ಐದನ್ನೂ ಅದು ಗೆದ್ದಿತು: ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ. ಈ ಐದೂ ಪ್ರಮುಖ ಪ್ರಶಸ್ತಿಗಳನ್ನು ಒಂದೇ ಚಿತ್ರ ಬಾಚಿಕೊಂಡದ್ದು ಅದೇ ಮೊದಲು. ಆಮೇಲೆ ಆ ಸಾಧನೆ ಮಾಡಿದವು ಎರಡೇ ಎರಡು: 1975ರ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಮತ್ತು 1991ರ ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’. ಮೂರರಲ್ಲಿ ನಕ್ಕು ನಗಿಸುವ ಪ್ರೇಮಕಥೆ ಇದೊಂದೇ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕೋಟ್ಯಧೀಶನ ಮಗಳು ಎಲೀ ಅಪ್ಪನ ಮಾತು ಮೀರಿ ಮದುವೆಯಾಗಿದ್ದಾಳೆ. ಅಪ್ಪ ಅವಳನ್ನು ವಿಹಾರ ನೌಕೆಯಲ್ಲಿ ಕೂಡಿಹಾಕಿದರೆ ಅವಳು ಸಮುದ್ರಕ್ಕೆ ಹಾರಿ ಈಜಿ ಪಾರಾಗುತ್ತಾಳೆ. ಫ್ಲೋರಿಡಾದಿಂದ ನ್ಯೂಯಾರ್ಕ್‌ಗೆ ಹೊರಟ ರಾತ್ರಿ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಬಂದು ಕೂರುವವನು ಆಗಷ್ಟೇ ಕೆಲಸ ಕಳೆದುಕೊಂಡ ಪತ್ರಕರ್ತ ಪೀಟರ್. ‘ನಿನ್ನ ಸುದ್ದಿ ನನಗೆ ಕೊಡು, ನಿನ್ನನ್ನು ಗಂಡನ ಹತ್ತಿರ ಸೇರಿಸುತ್ತೇನೆ’ ಎನ್ನುವುದು ಒಪ್ಪಂದ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಜಗಳ, ಹಸಿವು, ಮಳೆ, ಪ್ರೀತಿ. ಚಟಪಟ ಮಾತು, ಜಗಳಗಂಟ ಜೋಡಿ, ಗಂಡಿಗೆ ಸರಿಸಾಟಿಯಾಗಿ ನಿಲ್ಲುವ ಹೆಣ್ಣು, ಸಿರಿವಂತರ ಗತ್ತಿಗೊಂದು ಪೆಟ್ಟು. ಸ್ಕ್ರೂಬಾಲ್ ಕಾಮಿಡಿ ಎಂಬ ಹಾಲಿವುಡ್ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟ ಚಿತ್ರಗಳಲ್ಲಿ ಇದು ಅಗ್ರಗಣ್ಯ.

ಮೂಲ ಕಥೆ ‘ನೈಟ್ ಬಸ್’ ಬರೆದ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಹಾಸ್ಯಕ್ಕೆ ಹೆಸರಾದವರಲ್ಲ. ನಕಲಿ ಔಷಧ ಮಾರುವವರ ಬಣ್ಣ ಬಯಲು ಮಾಡಿ 1905ರಲ್ಲಿ ‘ಕೋಲಿಯರ್ಸ್’ ವಾರಪತ್ರಿಕೆಗೆ ಲೇಖನಮಾಲೆ ಬರೆದ ಕೆಚ್ಚಿನ ಪತ್ರಕರ್ತ. ಅದು ಎಬ್ಬಿಸಿದ ಜನಾಭಿಪ್ರಾಯದ ಬಲದಿಂದಲೂ ಮರುವರ್ಷ ಅಮೆರಿಕದಲ್ಲಿ ಆಹಾರ ಮತ್ತು ಔಷಧ ಶುದ್ಧತೆಯ ಕಾಯ್ದೆ ಬಂತು.

ನಿರ್ದೇಶಕ ಫ್ರಾಂಕ್ ಕಾಪ್ರಾ ಆ ಕಥೆಯನ್ನು ಓದಿದ್ದು ಕ್ಷೌರದಂಗಡಿಯಲ್ಲಿ! ಸರದಿಗೆ ಕಾಯುತ್ತ ಕೈಗೆ ಸಿಕ್ಕ ಪತ್ರಿಕೆ ತಿರುವಿಹಾಕಿದಾಗ ಕಣ್ಣಿಗೆ ಬಿತ್ತೆಂದು ಅವರೇ 1971ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಸಂಭಾಷಣೆಯ ಗಾರುಡಿಗ ರಾಬರ್ಟ್ ರಿಸ್ಕಿನ್ ಚಿತ್ರಕಥೆ ಬರೆದರು. ಮೂಲ ಕಥೆಯ ನಾಯಕ ಪತ್ರಕರ್ತನಲ್ಲ. ನಾಯಕನನ್ನು ಪತ್ರಕರ್ತನನ್ನಾಗಿ ಮಾಡಿ, ನಾಯಕಿ ಬರೀ ಹಟಮಾರಿಯಾದರೆ ಜನ ಹತ್ತಿರ ಸೇರಿಸುವುದಿಲ್ಲ, ಸಿರಿವಂತಿಕೆಯೇ ಬೇಸರ ತಂದವಳಾಗಲಿ ಎಂದು ಸೂಚಿಸಿದವರು ಕಾಪ್ರಾರ ಗೆಳೆಯ ಮೈಲ್ಸ್ ಕಾನಲಿ. ಈ ಎರಡು ತಿದ್ದುಪಡಿ ಇಲ್ಲದಿದ್ದರೆ ಚಿತ್ರ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಎಲೀಯ ಮೇಲೆ ನಮಗೆ ಸಿಟ್ಟು ಬರುವ ಹೊತ್ತಿಗೇ ಕರುಣೆಯೂ ಹುಟ್ಟುತ್ತದಲ್ಲ, ಆ ಹದ ಸಿಕ್ಕಿದ್ದು ಅಲ್ಲಿ.

ಹೆಸರಿನಿಂದ ‘ಬಸ್’ ಹೋದದ್ದು ಏಕೆ? ಬಸ್ ಪ್ರಯಾಣದ ಚಿತ್ರಗಳು ಓಡುವುದಿಲ್ಲ ಎಂಬ ಭಯ ಕೊಲಂಬಿಯಾ ಸ್ಟುಡಿಯೋದ ದೊರೆ ಹ್ಯಾರಿ ಕೋನ್‌ಗೆ!

ಇನ್ನು ಯಾರ್ಯಾರು ಬೇಡವೆಂದರು ನೋಡಿ. ನಾಯಕನ ಪಾತ್ರಕ್ಕೆ ಮೊದಲು ಯೋಚಿಸಿದ್ದು ರಾಬರ್ಟ್ ಮಾಂಟ್ಗೋಮರಿ. ಅವರು ಒಲ್ಲೆ ಎಂದರು. ನಾಯಕಿಯ ಪಾತ್ರವನ್ನು ಮರ್ನಾ ಲಾಯ್, ಮಿರಿಯಮ್ ಹಾಪ್ಕಿನ್ಸ್, ಮಾರ್ಗರೆಟ್ ಸಲಿವನ್, ಕಾನ್‌ಸ್ಟನ್ಸ್ ಬೆನೆಟ್ ಸಾಲಾಗಿ ತಿರಸ್ಕರಿಸಿದರು. ತನಗೆ ಓದಲು ಕೊಟ್ಟ ಚಿತ್ರಕಥೆಗೂ ತೆರೆಗೆ ಬಂದ ಚಿತ್ರಕ್ಕೂ ಸಂಬಂಧವೇ ಇರಲಿಲ್ಲವೆಂದು ಮರ್ನಾ ಲಾಯ್ ಆಮೇಲೆ ಹೇಳಿದ್ದಾರೆ. ಹಾಗಿದ್ದರೆ ತಪ್ಪು ಅವರದಲ್ಲ.

ಬೆಟಿ ಡೇವಿಸ್‌ಗೆ ಮನಸ್ಸಿತ್ತು, ವಾರ್ನರ್ ಸ್ಟುಡಿಯೋ ಬಿಡಲಿಲ್ಲ. ಅವರು ಎರವಲಾಗಿ ಹೋಗಿದ್ದು ಆರ್‌ಕೆಒ ಸ್ಟುಡಿಯೋದ ‘ಆಫ್ ಹ್ಯೂಮನ್ ಬಾಂಡೇಜ್’ಗೆ. ಅದರಲ್ಲಿ ಅದ್ಭುತವಾಗಿ ನಟಿಸಿಯೂ ಆಸ್ಕರ್ ಪಟ್ಟಿಯಲ್ಲಿ ಹೆಸರು ಬರದಿದ್ದಾಗ ಹಾಲಿವುಡ್‌ನಲ್ಲಿ ಗದ್ದಲವೇ ಎದ್ದಿತು. ಪಟ್ಟಿಯಲ್ಲಿಲ್ಲದ ಹೆಸರನ್ನೂ ಮತಪತ್ರದಲ್ಲಿ ಬರೆಯಬಹುದೆಂದು ಅಕಾಡೆಮಿ ನಿಯಮವನ್ನೇ ಸಡಿಲಿಸಿತು. ಆದರೂ ಗೆದ್ದದ್ದು ಡೇವಿಸ್ ಕೈತಪ್ಪಿದ ಬಸ್ ಚಿತ್ರದ ನಾಯಕಿಯೇ.

ಆ ನಾಯಕಿ ಕ್ಲಾಡೆಟ್ ಕೋಲ್ಬೇರ್. ಹುಟ್ಟಿದ್ದು ಪ್ಯಾರಿಸ್ ಪಕ್ಕದ ಸೇಂತ್-ಮಾಂದೆಯಲ್ಲಿ, 1903ರಲ್ಲಿ. ಕಾಪ್ರಾ ಜೊತೆ 1927ರಲ್ಲಿ ಮಾಡಿದ್ದ ‘ಫಾರ್ ದ ಲವ್ ಆಫ್ ಮೈಕ್’ ನೆಲಕಚ್ಚಿದ ಕಹಿ ಅವರಿಗಿನ್ನೂ ಇತ್ತು. ಕಾಪ್ರಾ ಬಾಗಿಲಿಗೆ ಬಂದಾಗ ಎರಡು ಷರತ್ತು ಹಾಕಿದರು: ಸಂಭಾವನೆ ದುಪ್ಪಟ್ಟು, ಅಂದರೆ 25,000 ಡಾಲರ್ ಬದಲು 50,000, ನಾಲ್ಕೇ ವಾರದಲ್ಲಿ ತನ್ನ ಕೆಲಸ ಮುಗಿಯಬೇಕು, ಏಕೆಂದರೆ ಕ್ರಿಸ್‌ಮಸ್‌ಗೆ ರಜೆ ಹೋಗಬೇಕು. ಒಲ್ಲೆ ಎನ್ನಲಿ ಎಂದೇ ಹಾಕಿದಂತಿದ್ದ ಷರತ್ತುಗಳಿಗೆ ಕೊಲಂಬಿಯಾ ಹೂಂ ಎಂದುಬಿಟ್ಟಿತು. ಚಿತ್ರೀಕರಣ ಮುಗಿಸಿ ಹೊರಟಾಗಲೂ ತಾನು ಮಾಡಿದ್ದು ಕೆಟ್ಟ ಚಿತ್ರವೆಂದೇ ಗೆಳೆಯರಿಗೆ ಹೇಳಿದ್ದರಂತೆ.

ಕೋಲ್ಬೇರ್ ತಮ್ಮ ಮುಖದ ಎಡಭಾಗವನ್ನೇ ಕ್ಯಾಮೆರಾಕ್ಕೆ ತೋರಿಸುತ್ತಿದ್ದರು. ಅದಕ್ಕೆ ತಕ್ಕಂತೆ ಸೆಟ್ ಜೋಡಿಸಬೇಕಾಗುತ್ತಿತ್ತು. ಬಲಗೆನ್ನೆಗೆ ತಂತ್ರಜ್ಞರು ಇಟ್ಟ ಅಡ್ಡಹೆಸರು ‘ಚಂದ್ರನ ಕತ್ತಲ ಭಾಗ’.

ಪೀಟರ್ ಪಾತ್ರಕ್ಕೆ ಕ್ಲಾರ್ಕ್ ಗೇಬಲ್ ಬಂದದ್ದೂ ಖುಷಿಯಿಂದಲ್ಲ. ಎಂಜಿಎಂ ಸ್ಟುಡಿಯೋ ಅವರಿಗೆ ಬುದ್ಧಿ ಕಲಿಸಲು, ಬಡವರ ಬೀದಿ ಎಂದು ಹಾಲಿವುಡ್ ಹೀಗಳೆಯುತ್ತಿದ್ದ ಸಾಲಿನ ಕೊಲಂಬಿಯಾಕ್ಕೆ ಅಟ್ಟಿತೆಂಬ ಕಥೆ ಬಹಳ ಪ್ರಸಿದ್ಧ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. ಗೇಬಲ್‌ಗೆ ಕೆಲಸವಿರಲಿ ಬಿಡಲಿ, ವಾರಕ್ಕೆ 2,000 ಡಾಲರ್ ಸಂಬಳ ಕೊಡಲೇಬೇಕಿತ್ತು. ಕೈಯಲ್ಲಿ ಚಿತ್ರ ಸಿದ್ಧವಿರಲಿಲ್ಲ. ವಾರಕ್ಕೆ 2,500ರಂತೆ ಎರವಲು ಕೊಟ್ಟರೆ 500 ಉಳಿತಾಯ. ಆಗಿನ ತಾರೆಯರು ಸ್ಟುಡಿಯೋಗಳ ನಡುವೆ ಹೀಗೆ ಬಾಡಿಗೆಗೆ ಓಡಾಡುತ್ತಿದ್ದರು, ಅವರ ಇಷ್ಟವನ್ನು ಕೇಳುವವರಿರಲಿಲ್ಲ.

ಹೆಬ್ಬೆರಳ ದೃಶ್ಯ ಯಾರಿಗೆ ಮರೆತೀತು? ರಸ್ತೆ ಬದಿಯಲ್ಲಿ ಲಿಫ್ಟ್ ಕೇಳುವುದಕ್ಕೂ ಶಾಸ್ತ್ರವಿದೆಯೆಂದು ಪೀಟರ್ ಮೂರು ಬಗೆಯಲ್ಲಿ ಹೆಬ್ಬೆರಳು ಆಡಿಸಿ ಪಾಠ ಮಾಡುತ್ತಾನೆ. ಬೇಲಿಯ ಮೇಲೆ ಕೂತ ಎಲೀ ಸುಮ್ಮನೆ ನೋಡುತ್ತಾಳೆ. ಸಾಲುಸಾಲು ಕಾರುಗಳು ಧೂಳೆಬ್ಬಿಸಿ ಹೋಗುತ್ತವೆ. ಅವನ ಮಾತು ಕಡಿಮೆಯಾಗುತ್ತ ಹೆಬ್ಬೆರಳು ಮೂಗಿನವರೆಗೆ ಇಳಿಯುತ್ತದೆ. ಕೊನೆಗೆ ಅವಳು ರಸ್ತೆಗೆ ಬಂದು ಲಂಗವನ್ನು ಮೊಣಕಾಲಿನ ಮೇಲಕ್ಕೆ ಎತ್ತಿದ್ದೇ ತಡ, ಕಿರ್ರೆಂದು ಬ್ರೇಕ್! ಮುಂದಿನ ಕ್ಷಣ ಇಬ್ಬರೂ ಕಾರಿನಲ್ಲಿ. ಕೋಲ್ಬೇರ್ ಮೊದಲು ಕಾಲು ತೋರಿಸಲು ಒಪ್ಪಿರಲಿಲ್ಲ. ಕಾಪ್ರಾ ನೃತ್ಯತಂಡದ ಹುಡುಗಿಯೊಬ್ಬಳನ್ನು ಬದಲಿಗೆ ಕರೆಸಿದರು. ಆ ಕಾಲುಗಳನ್ನು ಕಂಡ ಕೋಲ್ಬೇರ್, ಇವು ನನ್ನವೆಂದು ಜನ ತಿಳಿಯಬಾರದು, ನಾನೇ ಮಾಡುತ್ತೇನೆ ಎಂದು ಮುಂದೆ ಬಂದರು. ನಿರ್ದೇಶಕನ ಉಪಾಯ ಫಲಿಸಿತು.

ರಾತ್ರಿ ತಂಗಿದ ಕೋಣೆಯಲ್ಲಿ ಗೇಬಲ್ ಅಂಗಿ ಬಿಚ್ಚಿದಾಗ ಒಳಗೆ ಬನಿಯನ್ ಇರಲಿಲ್ಲ, ಅದರಿಂದ ಅಮೆರಿಕದಲ್ಲಿ ಬನಿಯನ್ ವ್ಯಾಪಾರ ನೆಲಕಚ್ಚಿತು ಎಂಬ ಸಂಗತಿಯನ್ನು ನೀವೂ ಓದಿರಬಹುದು. ದೃಶ್ಯ ನಿಜ, ವ್ಯಾಪಾರದ ಮಾತಿಗೆ ಆಧಾರವಿಲ್ಲ.

ಅದೇ ಕೋಣೆಯ ಇನ್ನೊಂದು ಸಂಗತಿ ಇದಕ್ಕಿಂತ ಎಷ್ಟೋ ಮೇಲು. ಕೈಯಲ್ಲಿ ಕಾಸಿಲ್ಲದ ಇಬ್ಬರು ಅಪರಿಚಿತರು ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕು. ಪೀಟರ್ ಎರಡು ಹಾಸಿಗೆಗಳ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. ಬೈಬಲಿನಲ್ಲಿ ತುತ್ತೂರಿಯ ಸದ್ದಿಗೆ ಉರುಳಿದ ಜೆರಿಕೋ ಗೋಡೆಯ ಹೆಸರನ್ನೇ ಅದಕ್ಕೆ ಇಡುತ್ತಾನೆ. ದೀಪ ಆರಿದ ಮೇಲೆ ಕಂಬಳಿಯ ಎರಡೂ ಬದಿಯಿಂದ ಮಾತು ಸಾಗುತ್ತದೆ, ಹೊರಗೆ ಮಳೆ. ಚಿತ್ರದ ಕೊನೆಯಲ್ಲಿ ಜೋಡಿಯ ಮುಖವನ್ನೇ ತೋರಿಸುವುದಿಲ್ಲ: ಹೊರಗೆ ನಿಂತ ವಸತಿಗೃಹದ ದಂಪತಿ, ಇವರಿಗೆ ಆಟಿಕೆ ತುತ್ತೂರಿ ಏಕೆ ಬೇಕಾಯಿತೆಂದು ಬೆರಗಾಗುತ್ತಾರೆ, ಒಳಗೆ ತುತ್ತೂರಿ ಮೊಳಗುತ್ತದೆ, ಕಂಬಳಿ ನೆಲಕ್ಕೆ ಬೀಳುತ್ತದೆ. ಅಷ್ಟೇ. ಶೃಂಗಾರವನ್ನು ಇಷ್ಟು ಮರ್ಯಾದೆಯಿಂದ, ಇಷ್ಟು ತುಂಟತನದಿಂದ ಹೇಳಿದ ಇನ್ನೊಂದು ಮುಕ್ತಾಯ ನನಗೆ ತಿಳಿದಿಲ್ಲ. ಹಾಲಿವುಡ್‌ನ ನೀತಿಸಂಹಿತೆ ಕಟ್ಟುನಿಟ್ಟಾಗಿ ಜಾರಿಯಾದದ್ದು ಚಿತ್ರ ಬಂದ ಕೆಲವೇ ತಿಂಗಳಿಗೆ, 1934ರ ಜುಲೈಯಲ್ಲಿ. ಮುಂದಿನ ಹಾಸ್ಯಚಿತ್ರಗಳಿಗೆ ಈ ಕಂಬಳಿಯೇ ದಾರಿ ತೋರಿತು.

ಆರ್ಥಿಕ ಮಹಾಕುಸಿತದ ಅಮೆರಿಕವೂ ಆ ಬಸ್ಸಿನಲ್ಲೇ ಕೂತಿದೆ. ಪ್ರಯಾಣಿಕರೆಲ್ಲ ಸೇರಿ ಹಾಡುವ ಸಂಭ್ರಮದ ಬೆನ್ನಿಗೇ ಹಸಿವಿನಿಂದ ತಾಯಿಯೊಬ್ಬಳು ಮೂರ್ಛೆ ಹೋಗುತ್ತಾಳೆ, ಅವಳ ಪುಟ್ಟ ಮಗ ಅಳುತ್ತಾನೆ. ಪೀಟರ್‌ನ ಕೈಯಲ್ಲಿದ್ದ ನೋಟು ಆ ಹುಡುಗನಿಗೆ ಹೋಗುತ್ತದೆ. ಮುಂದೆ ಇವರೇ ಹಸಿಕ್ಯಾರೆಟ್ ತಿಂದು ನಡೆಯಬೇಕಾಗುತ್ತದೆ.

ಕ್ಯಾರೆಟ್ ಎಂದಾಗ ನೆನಪಾಯಿತು. ಕಾರ್ಟೂನ್ ಮೊಲ ಬಗ್ಸ್ ಬನ್ನಿಯ ಬೇರು ಇಲ್ಲಿದೆ ಎನ್ನುತ್ತಾರೆ. ಕ್ಯಾರೆಟ್ ಅಗಿಯುತ್ತ ಪಟಪಟ ಮಾತಾಡುವ ಗೇಬಲ್, ಎಲ್ಲರನ್ನೂ ‘ಡಾಕ್’ ಎಂದು ಕರೆಯುವ ವಾಚಾಳಿ ಪ್ರಯಾಣಿಕ ಶೇಪ್ಲಿ, ಅವನನ್ನು ಹೆದರಿಸಲು ಪೀಟರ್ ಹುಟ್ಟಿಸಿ ಹೇಳುವ ‘ಬಗ್ಸ್ ಡೂಲಿ’ ಎಂಬ ರೌಡಿ. ಆ ಮೊಲವನ್ನು ಬೆಳೆಸಿದ ಕಲಾವಿದರಲ್ಲೊಬ್ಬರಾದ ಫ್ರಿಜ್ ಫ್ರೀಲೆಂಗ್‌ಗೆ ಈ ಚಿತ್ರ ಅಚ್ಚುಮೆಚ್ಚು.

ಛಾಯಾಗ್ರಾಹಕ ಜೋಸೆಫ್ ವಾಕರ್ ಬರೀ ಕ್ಯಾಮೆರಾ ಹಿಂದೆ ನಿಂತವರಲ್ಲ; ಝೂಮ್ ಲೆನ್ಸ್‌ನ ಪೇಟೆಂಟ್ ಪಡೆದ ಸಂಶೋಧಕ.

ಈಗ ಕಾಪ್ರಾರ ನೋವಿನ ಕಥೆ. ಸಿಸಿಲಿಯಿಂದ ಆರರ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ವಲಸಿಗರ ಮಗ ಅವರು. 1934ರ ಮಾರ್ಚ್‌ನಲ್ಲಿ ‘ಲೇಡಿ ಫಾರ್ ಎ ಡೇ’ಗೆ ಮೊದಲ ಬಾರಿ ನಿರ್ದೇಶಕನ ನಾಮನಿರ್ದೇಶನ ಸಿಕ್ಕಿತ್ತು. ವೇದಿಕೆಯಲ್ಲಿದ್ದ ವಿಲ್ ರಾಜರ್ಸ್ ಲಕೋಟೆ ತೆರೆದು, ಬಾ ಫ್ರಾಂಕ್ ಎಂದು ಕರೆದರು. ಕಾಪ್ರಾ ಮೇಜುಗಳ ನಡುವೆ ದಾರಿ ಮಾಡಿಕೊಂಡು ಹೊರಟರು. ಬೆಳಕು ಬಿದ್ದದ್ದು ಸಭೆಯ ಇನ್ನೊಂದು ಬದಿಗೆ: ಕರೆದದ್ದು ‘ಕ್ಯಾವಲ್ಕೇಡ್’ನ ಫ್ರಾಂಕ್ ಲಾಯ್ಡ್‌ರನ್ನು! ಮರಳಿ ತನ್ನ ಮೇಜಿಗೆ ನಡೆದ ಆ ದಾರಿ ಬದುಕಿನಲ್ಲೇ ಅತಿ ಉದ್ದದ್ದೆನಿಸಿತೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮರುವರ್ಷ ಆ ಪ್ರಶಸ್ತಿ ಅವರದೇ ಆಯಿತು, ಅದೂ ಹಠ ಹಿಡಿದು ಮಾಡಿದ ಬಸ್ ಕಥೆಗೆ. ನಾಲ್ಕು ವರ್ಷದೊಳಗೆ ಇನ್ನೆರಡು ಬಂದವು.

1935ರ ಫೆಬ್ರವರಿ 27ರ ರಾತ್ರಿ ಲಾಸ್ ಏಂಜಲೀಸ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ಸಮಾರಂಭ. ಗೆಲ್ಲುವ ಆಸೆಯನ್ನೇ ಬಿಟ್ಟಿದ್ದ ಕೋಲ್ಬೇರ್ ನ್ಯೂಯಾರ್ಕ್‌ಗೆ ಹೋಗಲು ರೈಲು ನಿಲ್ದಾಣದಲ್ಲಿದ್ದರು. ಅಲ್ಲಿಂದ ಅವರನ್ನು ಕರೆತರಲಾಯಿತು. ಪ್ರಯಾಣದ ಉಡುಪಿನಲ್ಲೇ ವೇದಿಕೆ ಏರಿ, ಕಾಪ್ರಾರನ್ನು ನೆನೆದು, ಮತ್ತೆ ರೈಲಿಗೆ ಓಡಿದರು. ಆ ವರ್ಷ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿದ್ದ ‘ಕ್ಲಿಯೋಪಾತ್ರ’ ಮತ್ತು ‘ಇಮಿಟೇಶನ್ ಆಫ್ ಲೈಫ್’ಗೂ ಅವರೇ ನಾಯಕಿ. ಒಂದೇ ವರ್ಷದಲ್ಲಿ ಮೂರು!

ಗೇಬಲ್‌ಗೆ ಬದುಕಿನಲ್ಲಿ ಸಿಕ್ಕ ಸ್ಪರ್ಧಾತ್ಮಕ ಆಸ್ಕರ್ ಇದೊಂದೇ. ‘ಗಾನ್ ವಿತ್ ದ ವಿಂಡ್’ಗೂ ಬರಲಿಲ್ಲ. ಆ ಪ್ರತಿಮೆಯನ್ನು 1996ರಲ್ಲಿ ಹರಾಜಿಗಿಟ್ಟಾಗ ಸ್ಟೀವನ್ ಸ್ಪೀಲ್‌ಬರ್ಗ್ 6,07,500 ಡಾಲರ್ ತೆತ್ತು ಕೊಂಡು ಅಕಾಡೆಮಿಗೇ ದಾನ ಮಾಡಿದರು.

ಮೆಚ್ಚುಗೆಯೆಲ್ಲ ಗೇಬಲ್‌ಗೆ, ಕಾಪ್ರಾಗೆ ಹೋಗುತ್ತದೆ. ರಿಸ್ಕಿನ್ ಹೆಸರು ಹೇಳುವವರು ಕಡಿಮೆ, ಇದು ನ್ಯಾಯವಲ್ಲ. ಡೋನಟ್ ಅನ್ನು ಕಾಫಿಯಲ್ಲಿ ಎಷ್ಟು ಹೊತ್ತು ಅದ್ದಬೇಕೆಂಬ ಪಾಠದಲ್ಲಿ ವರ್ಗಭೇದವನ್ನೂ ಒಲವನ್ನೂ ಒಟ್ಟಿಗೆ ಹೇಳಿದ ಲೇಖನಿ ಅದು. ಅವರು 1942ರಲ್ಲಿ ಮದುವೆಯಾದದ್ದು ‘ಕಿಂಗ್ ಕಾಂಗ್’ ಖ್ಯಾತಿಯ ಫೇ ರೇ ಅವರನ್ನು.

ಕಾಪ್ರಾ ಭಾರತಕ್ಕೆ ಬಂದಿದ್ದರು, ಗೊತ್ತೇ? ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರಲ್ಲಿ ಮುಂಬೈನಲ್ಲಿ ನಡೆದಾಗ ಅಮೆರಿಕದ ಪ್ರತಿನಿಧಿಯಾಗಿ. ಅವರ ಕಥೆಯಂತೂ ಇಲ್ಲೇ ಮನೆ ಮಾಡಿತು. 1956ರಲ್ಲಿ ರಾಜ್ ಕಪೂರ್–ನರ್ಗಿಸ್ ಜೋಡಿಯ ‘ಚೋರಿ ಚೋರಿ’, 1959ರಲ್ಲಿ ಬಂಗಾಳಿಯಲ್ಲಿ ಉತ್ತಮ್ ಕುಮಾರ್–ಸುಚಿತ್ರಾ ಸೇನ್‌ರ ‘ಚಾವಾ ಪಾವಾ’, 1991ರಲ್ಲಿ ಆಮಿರ್ ಖಾನ್–ಪೂಜಾ ಭಟ್‌ರ ‘ದಿಲ್ ಹೈ ಕೆ ಮಾನ್‌ತಾ ನಹೀಂ’. ತಮಿಳಿನಲ್ಲಿ 1966ರ ‘ಚಂದ್ರೋದಯಂ’ನಲ್ಲಿ ಎಂಜಿಆರ್ ಪತ್ರಕರ್ತ, ಮನೆ ಬಿಟ್ಟು ಬಂದ ಹುಡುಗಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಕನ್ನಡಕ್ಕೆ ಇದೇ ಎಳೆ ಬಂದದ್ದು 2007ರಲ್ಲಿ, ಗಣೇಶ್–ರೇಖಾ ನಟಿಸಿದ ‘ಹುಡುಗಾಟ’ವಾಗಿ.

‘ಹುಡುಗಾಟ’ ನೋಡಿ ನಕ್ಕವರು, ಹಿಂದಿ ಹಾಡುಗಳನ್ನು ಗುನುಗಿದವರು ಮೂಲವನ್ನೂ ಒಮ್ಮೆ ನೋಡಿ. 105 ನಿಮಿಷದ ಕಪ್ಪು-ಬಿಳುಪು ಚಿತ್ರ. ಹಳೆಯದೆಂದು ಬದಿಗಿಡಬೇಡಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೋಡಿ. ಸಂಭಾಷಣೆ ಬಲು ವೇಗ, ಅಡಿಬರಹ ಹಾಕಿಕೊಳ್ಳುವುದನ್ನು ಮರೆಯಬೇಡಿ.